ಪಕ್ಕದ ಸೀಟಿನ ಫೋನು, ನಮ್ಮ ಕಿವಿ: ಗದ್ದಲದ ನಡುವೆ ಓಡಾಡುವವರಿಗೆ ಒಂದಿಷ್ಟು ಕಿವಿಮಾತು

ಮಕ್ಕಳೇ, ಬಸ್ಸಿನಲ್ಲಿ, ರೈಲಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಊರಿಗೆಲ್ಲ ಕೇಳುವ ಹಾಗೆ ರೀಲ್ಸ್ ಹಾಕುವವರ ಮೇಲೆ ನಿಮಗಿರುವಷ್ಟೇ ಸಿಟ್ಟು ನನಗೂ ಇದೆ. ಸಿಟ್ಟು ಏರಿದರೆ ಸದ್ದು ಇಳಿಯುವುದಿಲ್ಲ ಅನ್ನುವುದೂ ಗೊತ್ತು. ರೇಡಿಯೋ ಸ್ಟುಡಿಯೋದಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದವನು ನಾನು. ಬೇಡದ ಶಬ್ದವನ್ನು ಮೈಕಿನ ಹತ್ತಿರ ಸುಳಿಯಗೊಡದಿರುವುದೇ ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ಒಂದು ಕ್ರಮವಿತ್ತು: ಮೊದಲು ನಮ್ಮ ಕಡೆಯದನ್ನು ಸರಿ ಮಾಡಿಕೊಳ್ಳುವುದು, ಆಮೇಲೆ ಸದ್ದು ಮಾಡುವವರನ್ನು ಕೇಳಿಕೊಳ್ಳುವುದು, ಎರಡೂ ಆಗದಿದ್ದರೆ ನಿಯಮ ತೋರಿಸುವುದು. ಈಗಿನ ತಂತ್ರಜ್ಞಾನ ಈ ಮೂರಕ್ಕೂ ಒದಗಿ ಬರುತ್ತದೆ. ಪಕ್ಕದವರ ಮೇಲೆ ತಿರುಗಿಸುವ ಆಯುಧವಾಗಿ ಬಳಸಿದರೆ ಮಾತ್ರ ಕೈಕೊಡುತ್ತದೆ. ಯಾಕೆ ಎನ್ನುವುದನ್ನೂ ಮುಂದೆ ಹೇಳಿದ್ದೇನೆ.

ಶಬ್ದದ ಗುಣ ತಿಳಿದಿರಲಿ

• ಫೋನಿನ ಮಾತು ಯಾಕೆ ಅಷ್ಟು ಕಾಡುತ್ತದೆ? ಎದುರು ಸೀಟಿನಲ್ಲಿ ಇಬ್ಬರು ಹರಟುತ್ತಿದ್ದರೆ ನಮಗೆ ತೂಕಡಿಕೆ ಬರುತ್ತದೆ. ಒಬ್ಬರೇ ಫೋನಿನಲ್ಲಿ ಮಾತಾಡುತ್ತಿದ್ದರೆ ಬರುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಲಾರೆನ್ ಎಂಬರ್ಸನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಪರೀಕ್ಷೆ ಮಾಡಿಯೇ ತೋರಿಸಿದರು. ಒಂದೇ ಕಡೆಯ ಮಾತು ಕೇಳಿಸಿಕೊಂಡವರು ಗಮನವಿಟ್ಟು ಮಾಡಬೇಕಾದ ಕೆಲಸದಲ್ಲಿ ಎಡವಿದರು. ಎರಡೂ ಕಡೆಯ ಮಾತು ಕೇಳಿಸಿದಾಗ ಅಷ್ಟು ತೊಂದರೆಯಾಗಲಿಲ್ಲ. "ಹೌದಾ? ಆಮೇಲೆ? ಅಯ್ಯೋ, ಅವಳೇ ಹಾಗಂದ್ಲಾ?" ಎಂದು ಕಿವಿಗೆ ಬಿದ್ದರೆ ಆ ಕಡೆಯವರು ಏನಂದಿರಬಹುದು ಎಂದು ಮಿದುಳು ತಾನೇ ಊಹಿಸತೊಡಗುತ್ತದೆ. ಆದ್ದರಿಂದ ಇಂಥ ಕಡೆ ಸದ್ದು ಪೂರ್ತಿ ನಿಲ್ಲಬೇಕಾಗಿಲ್ಲ, ಮಾತು ಬಿಡಿಬಿಡಿಯಾಗಿ ಅರ್ಥವಾಗದಿದ್ದರೆ ಸಾಕು. ಮುಂದಿನ ಉಪಾಯಗಳಲ್ಲಿ ಅರ್ಧದಷ್ಟು ಇದನ್ನೇ ಮಾಡುತ್ತವೆ.

• ಕೂಗುವವರಿಗೆ ತಾವು ಕೂಗುತ್ತಿದ್ದೇವೆಂದು ಗೊತ್ತಿರುವುದಿಲ್ಲ. ಸುತ್ತ ಗದ್ದಲ ಹೆಚ್ಚಿದಷ್ಟೂ ಮನುಷ್ಯ ಅರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ಬರೆದು ಪ್ರಕಟಿಸಿದ. ಕೆಂಪು ಬಸ್ಸಿನ ಎಂಜಿನ್ ಗುರುಗುಟ್ಟುತ್ತಿರುವಾಗ ಫೋನಿನಲ್ಲಿ ಅರಚುವವರಲ್ಲಿ ಹೆಚ್ಚಿನವರದು ಇದೇ ಕಥೆ. ಅವರನ್ನು ಕೇಳುವುದಿದ್ದರೆ ಬಸ್ಸು ನಿಂತು ಎಂಜಿನ್ ಆರಿದ ಹೊತ್ತು ನೋಡಿ ಕೇಳಿ. ಆಗ ಅವರ ದನಿ ಅವರಿಗೇ ದೊಡ್ಡದಾಗಿ ಕೇಳುತ್ತದೆ, ನಿಮ್ಮ ಮಾತಿಗೆ ಬೇಗ ಒಪ್ಪುತ್ತಾರೆ.

• ಡೆಸಿಬೆಲ್ ಲೆಕ್ಕ ಸಾಮಾನ್ಯ ಲೆಕ್ಕವಲ್ಲ. ಹತ್ತು ಡೆಸಿಬೆಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಸಿದರೆ ಆರು ಡೆಸಿಬೆಲ್ ಇಳಿಯುತ್ತದೆ. ಬಸ್ಸಿನೊಳಗೆ ಗಾಜು, ತಗಡಿಗೆ ಬಡಿದು ವಾಪಸಾಗುವುದರಿಂದ ಅಷ್ಟು ಇಳಿಯುವುದಿಲ್ಲ. ಆದರೂ ಫೋನಿನ ಪುಟ್ಟ ಸ್ಪೀಕರಿನಿಂದ ಬರುವುದು ಬಹುತೇಕ ಕೀರಲು ಸ್ವರ; ಎತ್ತರದ ಸೀಟಿನ ಬೆನ್ನು ಅಡ್ಡ ಬಂದರೂ ಅದು ಮಂಕಾಗುತ್ತದೆ. ಜಾಗವಿದ್ದರೆ ನಾಲ್ಕು ಸಾಲು ಮುಂದೆ ಹೋಗಿ ಕೂರುವುದು ಅತಿ ಅಗ್ಗದ ಉಪಾಯ.

ನಿಮ್ಮ ಕಿವಿಗೆ ಕಾವಲು

• ಬ್ಯಾಗಿನಲ್ಲಿ ಒಂದು ಜೊತೆ ಫೋಮ್ ಇಯರ್‌ಪ್ಲಗ್ ಸದಾ ಇರಲಿ. ಚಾರ್ಜ್ ಬೇಡ, ಆ್ಯಪ್ ಬೇಡ, ಕಳೆದುಹೋದರೂ ಬೇಸರವಿಲ್ಲ. ಆದರೆ ಹಾಕಿಕೊಳ್ಳುವ ಕ್ರಮ ಸರಿಯಿರಬೇಕು. ತೊಳೆದ ಕೈಯಲ್ಲಿ ಪ್ಲಗ್ಗನ್ನು ಹೊಸೆದು ಸಣ್ಣ ಬತ್ತಿಯ ಹಾಗೆ ಮಾಡಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ. ಪ್ಲಗ್ ಒಳಗಿಟ್ಟು ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಿರಿ. ಅದು ಉಬ್ಬಿ ಕಿವಿ ತುಂಬುತ್ತದೆ. ಡಬ್ಬಿಯ ಮೇಲೆ ಮೂವತ್ತು ಡೆಸಿಬೆಲ್ ತಗ್ಗಿಸುತ್ತದೆ ಎಂದು ಬರೆದಿದ್ದರೂ ನಾವು ಹಾಕುವ ರೀತಿಗೆ ಅದರ ಅರ್ಧ ಸಿಕ್ಕಿತು ಎಂದುಕೊಳ್ಳಿ, ಅಷ್ಟೂ ದೊಡ್ಡದೇ. ಹತ್ತಿಯುಂಡೆ ತುರುಕಿಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಕಿವಿ ಸೋರುತ್ತಿದ್ದರೆ, ನೋಯುತ್ತಿದ್ದರೆ ಪ್ಲಗ್ ಹಾಕಬೇಡಿ.

• ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನಿನಿಂದ ಏನಾಗುತ್ತದೆ, ಏನಾಗುವುದಿಲ್ಲ. ಎಂಐಟಿಯ ಪ್ರಾಧ್ಯಾಪಕರಾಗಿದ್ದ, ಬಂಗಾಳಿ ತಂದೆಯ ಮಗ ಅಮರ್ ಬೋಸ್ 1978ರಲ್ಲಿ ವಿಮಾನದಲ್ಲಿ ಹಾಡು ಕೇಳಲು ಹೋಗಿ, ಎಂಜಿನ್ ಸದ್ದಿನಲ್ಲಿ ಏನೂ ಕೇಳದೆ, ಅಲ್ಲೇ ಕೂತು ಇದರ ಲೆಕ್ಕ ಹಾಕತೊಡಗಿದರು. ಅವರ ಕಂಪನಿಯ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ, ಪೈಲಟ್‌ಗಳಿಗಾಗಿ. ಹೆಡ್‌ಫೋನು ತನ್ನ ಮೈಕಿನಿಂದ ಹೊರಗಿನ ಸದ್ದನ್ನು ಹಿಡಿದು ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಕಿವಿಯೊಳಗೆ ಬಿಡುತ್ತದೆ. ಎರಡೂ ಒಂದನ್ನೊಂದು ಅಳಿಸುತ್ತವೆ. ಎಂಜಿನ್, ಎಸಿ, ಫ್ಯಾನಿನಂತಹ ಒಂದೇ ಸಮನೆ ಗುಂಯ್‌ಗುಡುವ ಕೆಳಸ್ವರದ ಸದ್ದು ಇದಕ್ಕೆ ಸುಲಭ. ಮಾತು, ಮಗುವಿನ ಅಳು, ರೀಲ್ಸಿನ ಕಿರುಚಾಟ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಇದರ ಕೈಗೆ ಸಿಗುವುದು ಕಡಿಮೆ. ಸಾವಿರಾರು ರೂಪಾಯಿ ಕೊಟ್ಟು "ಪಕ್ಕದವರ ಮಾತು ಇನ್ನೂ ಕೇಳುತ್ತೆ" ಎಂದು ಗೊಣಗುವವರು ಇದನ್ನು ಮೊದಲೇ ತಿಳಿದಿದ್ದರೆ ಒಳ್ಳೆಯದು.

• ಮಾತನ್ನು ತಡೆಯುವುದು ರಬ್ಬರ್ ತುದಿ. ಇಯರ್‌ಬಡ್ ಕೊಂಡಾಗ ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕೋನ್ ತುದಿಗಳು ಇರುತ್ತವೆ. ಹೆಚ್ಚಿನವರು ಹಾಕಿಬಂದದ್ದನ್ನೇ ಬಳಸುತ್ತಾರೆ. ಮೂರನ್ನೂ ಹಾಕಿ ನೋಡಿ, ಎರಡು ಕಿವಿಗೆ ಬೇರೆಬೇರೆ ಅಳತೆ ಬೇಕಾದರೂ ಆಶ್ಚರ್ಯವಿಲ್ಲ. ಬಿಗಿಯಾಗಿ ಕೂತ ತುದಿ ಮಾತಿನ ಮೇಲುಸ್ವರಗಳನ್ನು ತಡೆಯುತ್ತದೆ. ಉಳಿದ ಗುಂಯ್‌ಗಾಟವನ್ನು ಯಂತ್ರ ನೋಡಿಕೊಳ್ಳುತ್ತದೆ.

• ಹಾಡಿನ ಬದಲು ಮಳೆ ಹಾಕಿ. ಪಕ್ಕದವರ ಮಾತನ್ನು ಮುಳುಗಿಸಲು ಹಾಡಿನ ವಾಲ್ಯೂಮ್ ಏರಿಸಿದರೆ ಪೆಟ್ಟು ನಿಮ್ಮ ಕಿವಿಗೇ. ಮಳೆ, ಜಲಪಾತ, ಫ್ಯಾನಿನ ಸದ್ದಿನ ರೆಕಾರ್ಡಿಂಗ್ ಎಲ್ಲ ಸ್ವರಗಳಲ್ಲೂ ಹರಡಿರುವುದರಿಂದ ಕಡಿಮೆ ವಾಲ್ಯೂಮಿನಲ್ಲೇ ಮಾತಿನ ಅಕ್ಷರಗಳನ್ನು ಮಸುಕು ಮಾಡುತ್ತದೆ. ನೆಟ್‌ವರ್ಕ್ ಸಿಗದ ಘಾಟಿಗಳಲ್ಲೂ ಬೇಕಾಗುವುದರಿಂದ ಒಂದೆರಡು ಗಂಟೆಯ ಫೈಲನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ಹಿನ್ನೆಲೆ ಶಬ್ದಗಳು ಇದ್ದೇ ಇರುತ್ತವೆ.

• ಕಿವಿಗೂ ವಾರದ ಪಡಿತರ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ ನಲವತ್ತು ಗಂಟೆ, 80 ಡೆಸಿಬೆಲ್‌ನಷ್ಟು. ಅದಕ್ಕಿಂತ ಪ್ರತಿ ಮೂರು ಡೆಸಿಬೆಲ್ ಏರಿದಾಗಲೂ ಕೇಳುವ ಹೊತ್ತು ಅರ್ಧಕ್ಕೆ ಇಳಿಯಬೇಕು. ದಿನಾ ಆಫೀಸಿಗೆ ಹೋಗಿಬರುವ ದಾರಿಯಲ್ಲಿ ವಾಲ್ಯೂಮನ್ನು ತುದಿಗೇರಿಸಿ ಕೇಳುವ ಮಕ್ಕಳು ನನ್ನ ವಯಸ್ಸಿಗೆ ಬರುವ ಮೊದಲೇ ನನ್ನ ಹಾಗೆ "ಆಂ? ಏನಂದ್ರಿ?" ಅನ್ನಬೇಕಾಗುತ್ತದೆ. ಫೋನಿನಲ್ಲಿ ವಾಲ್ಯೂಮ್ ಮಿತಿ ಇಡುವ ಸೌಲಭ್ಯವಿದೆ, ಒಮ್ಮೆ ಇಟ್ಟು ಮರೆತುಬಿಡಿ.

• ಜಾಗ ಆರಿಸುವಾಗಲೂ ಕಿವಿಯನ್ನು ನೆನೆಯಿರಿ. ಸಾಮಾನ್ಯ ಕೆಂಪು ಬಸ್ಸಿಗೆ ಎಂಜಿನ್ ಮುಂದೆ, ವೋಲ್ವೋ ಐರಾವತಕ್ಕೆ ಹಿಂದೆ; ಅದರಿಂದ ದೂರದ ಸೀಟು ಹಿಡಿಯಿರಿ. ರೈಲಿನಲ್ಲಿ ಹರಟೆಯ ಸಭೆ ಸೇರುವುದು ಕೆಳಗಿನ ಬರ್ತುಗಳಲ್ಲಿ. ಮೇಲಿನ ಬರ್ತು ಹತ್ತಿದರೆ ಸಭೆಯಿಂದ ಬಿಡುಗಡೆ. ಸ್ಲೀಪರ್ ಬೋಗಿಯಾದರೆ ಫ್ಯಾನೂ ಹತ್ತಿರ, ಅದರ ಸದ್ದಿನಲ್ಲಿ ಕೆಳಗಿನ ಮಾತು ಕರಗುತ್ತದೆ. ಬುಕ್ಕಿಂಗ್ ಮಾಡುವಾಗ ಆ್ಯಪಿನಲ್ಲೇ ಬರ್ತಿನ ಆಯ್ಕೆ ಇರುತ್ತದೆ, ಕೊಟ್ಟು ನೋಡಿ.

• ಎಚ್ಚರ ತಪ್ಪುವಷ್ಟು ಕಿವಿ ಮುಚ್ಚಬೇಡಿ. ರಸ್ತೆ ದಾಟುವಾಗ, ಪ್ಲಾಟ್‌ಫಾರ್ಮಿನ ಅಂಚಿನಲ್ಲಿ, ರಾತ್ರಿ ಒಂಟಿಯಾಗಿ ನಡೆಯುವಾಗ ಇಯರ್‌ಫೋನ್ ಜೇಬಿನಲ್ಲಿರಲಿ. ಹಳಿ ದಾಟುವಾಗ ಅಂತೂ ಕೇಳಲೇ ಬೇಡಿ. ರೈಲಿನಲ್ಲಿ ಪ್ಲಗ್ ಹಾಕಿ ಮಲಗುವುದಾದರೆ ಇಳಿಯುವ ಊರಿಗೆ ಅರ್ಧ ಗಂಟೆ ಮೊದಲು ಅಲಾರಂ ಇಟ್ಟು, ವೈಬ್ರೇಶನ್ ಆನ್ ಮಾಡಿ, ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಳ್ಳಿ. ಕೈಗೆ ಸ್ಮಾರ್ಟ್ ಬ್ಯಾಂಡ್ ಇದ್ದರೆ ಅದು ಇನ್ನೂ ಚೆನ್ನಾಗಿ ಎಬ್ಬಿಸುತ್ತದೆ, ಪಕ್ಕದವರ ನಿದ್ದೆಯೂ ಕೆಡುವುದಿಲ್ಲ.

ಕೇಳುವುದಕ್ಕೂ ಒಂದು ರೀತಿ ಇದೆ

• ಬಾಯಿ ಬಿಟ್ಟು ಕೇಳಿ, ದನಿ ತಗ್ಗಿಸಿ ಕೇಳಿ. "ಸರ್, ಸೌಂಡ್ ಸ್ವಲ್ಪ ಕಮ್ಮಿ ಮಾಡ್ತೀರಾ? ತಲೆ ನೋಯ್ತಿದೆ." ಇಷ್ಟು ಸಾಕು. ದೊಡ್ಡವರಾದರೆ ಯಜಮಾನ್ರೇ, ಅಮ್ಮಾ. ಓರಗೆಯವರಾದರೆ ಅಣ್ಣಾ, ಅಕ್ಕಾ. "ನಿಮಗೆ ಕಾಮನ್ ಸೆನ್ಸ್ ಇಲ್ವಾ?" ಎಂದು ಶುರು ಮಾಡಿದರೆ ಮುಂದಿನದು ಜಗಳವೇ, ಆ ಜಗಳದ ಸದ್ದು ರೀಲ್ಸಿಗಿಂತ ಜೋರು. ಕೇಳುವಾಗ ನಿಮ್ಮ ಕಷ್ಟ ಹೇಳಿ, ಅವರ ಸಂಸ್ಕಾರದ ವಿಚಾರಣೆ ಬೇಡ. ನಾಲ್ಕು ಜನರ ಮುಂದೆ ಮುಖಭಂಗವಾದರೆ ಒಪ್ಪುವವರೂ ಒಪ್ಪುವುದಿಲ್ಲ.

• ಬಾಯಿ ಬಾರದಿದ್ದರೆ ಪರದೆ ತೋರಿಸಿ. ಸಂಕೋಚದ ಸ್ವಭಾವದವರು ಫೋನಿನ ನೋಟ್ಸಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ: "ದಯವಿಟ್ಟು ಇಯರ್‌ಫೋನ್ ಹಾಕಿಕೊಳ್ತೀರಾ? ಥ್ಯಾಂಕ್ಸ್." ನಕ್ಕು ತೋರಿಸಿ. ಫೋನಿನಲ್ಲಿ ಮಾತಾಡುತ್ತಿರುವವರಿಗಂತೂ ಇದೇ ಸರಿ. ಅವರ ಮಾತು ತುಂಡರಿಸಿದ ಹಾಗೂ ಆಗುವುದಿಲ್ಲ, ಅಕ್ಕಪಕ್ಕದವರಿಗೆ ಕೇಳುವುದೂ ಇಲ್ಲ.

• ಭಾಷೆ ಬಾರದವರೊಂದಿಗೆ ಅವರ ಭಾಷೆಯಲ್ಲೇ ಕೇಳಿ. ಬೆಂಗಳೂರಿನ ಮೆಟ್ರೋದಲ್ಲಿ ಒಂದೇ ಕಂಬಿ ಹಿಡಿದ ಐದು ಜನರದು ಐದು ಭಾಷೆ ಇರಬಹುದು. ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡ 2011ರಿಂದಲೇ ಇದೆ. ಕನ್ನಡದಲ್ಲಿ ಒಂದು ಸಣ್ಣ, ಸರಳ ವಾಕ್ಯ ಹಾಕಿ ತಮಿಳಿಗೋ ಹಿಂದಿಗೋ ಬಂಗಾಳಿಗೋ ತಿರುಗಿಸಿ ತೋರಿಸಿ. ಉದ್ದ ವಾಕ್ಯ ಹಾಕಿದರೆ ಯಂತ್ರ ಏನೇನೋ ಬರೆಯುತ್ತದೆ, ವಿನಯ ಹೋಗಿ ಅಪ್ಪಣೆಯಾಗಬಹುದು. ಸದ್ದಿನ ಜಗಳವನ್ನು ಭಾಷೆಯ ಜಗಳವಾಗಲು ಬಿಡಬೇಡಿ. ಸದ್ದು ಮಾಡುವವರು ಎಲ್ಲ ಭಾಷೆಯಲ್ಲೂ ಇದ್ದಾರೆ.

• ಒಂದು ಹೊಸ ಇಯರ್‌ಫೋನ್ ದಾನಕ್ಕೆ ಇಟ್ಟುಕೊಳ್ಳಿ. ಹೆಚ್ಚು ಪ್ರಯಾಣ ಮಾಡುವವರಿಗೆ ಈ ಮಾತು. ಅಗ್ಗದ ವೈರಿನ ಇಯರ್‌ಫೋನು, ಕವರಿನಲ್ಲೇ ಇರಲಿ. "ನಿಮ್ಮ ಹತ್ರ ಇಲ್ಲದಿದ್ರೆ ಇದನ್ನ ಇಟ್ಕೊಳ್ಳಿ" ಎಂದು ಕೊಟ್ಟರೆ ಹೆಚ್ಚಿನವರು ನಾಚಿ ಸದ್ದು ನಿಲ್ಲಿಸುತ್ತಾರೆ, ಇಯರ್‌ಫೋನ್ ನಿಮ್ಮ ಬಳಿಯೇ ಉಳಿಯುತ್ತದೆ. ಕೊಳ್ಳುವಾಗ ನೋಡಿಕೊಳ್ಳಿ: ಈಗಿನ ಎಷ್ಟೋ ಫೋನುಗಳಲ್ಲಿ ಉರುಟು ತೂತು ಇಲ್ಲ, ಟೈಪ್-ಸಿ ಪಿನ್ನಿನದು ಬೇಕು. ನೀವು ಬಳಸಿದ್ದನ್ನು ಮಾತ್ರ ಕೊಡಬೇಡಿ.

• ಮಗುವಿಗೆ ಕಾರ್ಟೂನ್ ಹಾಕಿದ ತಾಯಿಯ ಮೇಲೆ ರೇಗಬೇಡಿ. ಆ ಕಾರ್ಟೂನ್ ನಿಂತರೆ ಅಳು ಶುರುವಾಗುತ್ತದೆ, ಯೋಚಿಸಿ. ವಾಲ್ಯೂಮ್ ಎರಡು ಗೆರೆ ಇಳಿಸಿದರೆ ಮಗುವಿಗೂ ಸಾಕು ಎಂದು ಮೆಲ್ಲಗೆ ಹೇಳಬಹುದು. ಮಕ್ಕಳಿಗೆಂದೇ ವಾಲ್ಯೂಮ್ ಮಿತಿ ಇರುವ ಹೆಡ್‌ಫೋನುಗಳು ಸಿಗುತ್ತವೆ. ಸಣ್ಣ ಮಕ್ಕಳನ್ನು ಕರೆದುಕೊಂಡು ದೂರ ಹೋಗುವ ನಮ್ಮ ಮನೆಯವರು ಅದನ್ನು ಒಂದು ತೆಗೆದುಕೊಳ್ಳಲಿ. ಸದ್ದಿಲ್ಲದ ಬಣ್ಣ ತುಂಬುವ ಆಟ, ಪಜಲ್ ಒಂದೆರಡನ್ನು ಫೋನಿಗೆ ಹಾಕಿಟ್ಟುಕೊಂಡರೂ ಆದೀತು.

ನಿಯಮದ ನೆರವು

• ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಡಕ್ಟರನ್ನು ಕೇಳಿ. ಹೈಕೋರ್ಟಿನ ನಿರ್ದೇಶನದ ನಂತರ 2021ರ ನವೆಂಬರಿನಲ್ಲಿ ನಿಗಮ ಆದೇಶ ಹೊರಡಿಸಿ ಬಸ್ಸಿನೊಳಗೆ ಮೊಬೈಲ್ ಸ್ಪೀಕರಿನಲ್ಲಿ ಹಾಡು, ವಿಡಿಯೋ ಹಾಕುವುದನ್ನು ನಿಷೇಧಿಸಿತು. ಹೇಳಿದರೂ ಕೇಳದವರನ್ನು ಕೆಳಗಿಳಿಸಬಹುದು, ಟಿಕೆಟ್ ಹಣ ವಾಪಸು ಕೊಡಬೇಕಾಗಿಲ್ಲ. ಈ ಆದೇಶದ ಪತ್ರಿಕಾ ವರದಿಯ ಒಂದು ಸ್ಕ್ರೀನ್‌ಶಾಟ್ ಫೋನಿನಲ್ಲಿರಲಿ. ಟಿಕೆಟ್ ಕೊಡುವ ಗಡಿಬಿಡಿಯಲ್ಲಿರುವ ಕಂಡಕ್ಟರಿಗೆ ವಾದ ಬೇಡ, ಆಧಾರ ಬೇಕು. ಬಸ್ಸು ಓಡುತ್ತಿರುವಾಗ ಡ್ರೈವರನ್ನು ಮಾತಿಗೆಳೆಯಬೇಡಿ.

• ರೈಲಿನಲ್ಲಿ 139. ಜೋರಾಗಿ ಫೋನಿನಲ್ಲಿ ಮಾತಾಡುವುದು, ಇಯರ್‌ಫೋನ್ ಇಲ್ಲದೆ ಹಾಡು ಹಾಕುವುದರ ವಿರುದ್ಧ ಕ್ರಮ ಕೈಗೊಳ್ಳಿ ಎಂದು ರೈಲ್ವೆ 2022ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಸೂಚಿಸಿತು. ರಾತ್ರಿ 10ರ ನಂತರ ಮಂದ ದೀಪ ಬಿಟ್ಟು ಉಳಿದವು ಆರಬೇಕು ಎಂಬುದೂ ಅದರಲ್ಲಿತ್ತು. ಮೊದಲು ಟಿಟಿಇಗೆ ಹೇಳಿ. ಅವರು ಕಾಣದಿದ್ದರೆ 139ಕ್ಕೆ ಫೋನ್ ಮಾಡಿ ಅಥವಾ ರೈಲ್‌ಮದದ್ ಆ್ಯಪಿನಲ್ಲಿ ಪಿಎನ್‌ಆರ್, ಬೋಗಿ, ಬರ್ತ್ ಸಂಖ್ಯೆ ಹಾಕಿ ದೂರು ಕೊಡಿ. ಬರೆದು ಕೊಡುವುದೇ ಮೇಲು, ಯಾರು ದೂರಿದರೆಂದು ಬೋಗಿಗೆಲ್ಲ ಗೊತ್ತಾಗುವುದಿಲ್ಲ. ಇಂಥದ್ದಕ್ಕೆಲ್ಲ ಚೈನ್ ಎಳೆಯಬೇಡಿ, ಅದು ಅಪರಾಧ.

• ಮೆಟ್ರೋದಲ್ಲಿ ಸಿಬ್ಬಂದಿ ಹತ್ತಿರವೇ ಇರುತ್ತಾರೆ. 2002ರ ಮೆಟ್ರೋ ರೈಲು ಕಾಯ್ದೆಯ 59ನೇ ಕಲಮಿನಲ್ಲಿ ಸಹಪ್ರಯಾಣಿಕರಿಗೆ ಉಪದ್ರವ ಕೊಡುವವರಿಗೆ ದಂಡ ಹಾಕಿ ಇಳಿಸುವ ಅವಕಾಶವಿದೆ. ಬೋಗಿಯೊಳಗೆ ಬರೆದಿರುವ ಸಹಾಯವಾಣಿಯ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಇಳಿದ ನಿಲ್ದಾಣದ ಗಾರ್ಡಿಗೆ ಬೋಗಿ ಯಾವುದು ಎಂದು ಹೇಳಿ. ಬಾಗಿಲ ಬಳಿಯ ತುರ್ತು ಗುಂಡಿ ಇರುವುದು ಬೆಂಕಿ, ಅನಾರೋಗ್ಯ, ಹಲ್ಲೆಗಳಿಗೆ, ರೀಲ್ಸಿಗಲ್ಲ.

• ಲೌಡ್‌ಸ್ಪೀಕರಿಗೆ ಬೇರೆ ಕಾನೂನಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರನ್ನು ನಿಶ್ಶಬ್ದ ವಲಯವೆಂದು ಘೋಷಿಸಬಹುದು. ಅಲ್ಲಿ ಹಗಲು 50, ರಾತ್ರಿ 40. ಇಲ್ಲಿ ರಾತ್ರಿ ಎಂದರೆ 10ರಿಂದ ಬೆಳಿಗ್ಗೆ 6. ಆ ಹೊತ್ತಿನಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ ಉತ್ಸವಗಳಿಗೆ ವರ್ಷಕ್ಕೆ ಹದಿನೈದು ದಿನ ಮೀರದಂತೆ, ಮಧ್ಯರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ಮೈದಾನದಲ್ಲಿ ಹನ್ನೊಂದಕ್ಕೂ ಸ್ಪೀಕರ್ ಒದರುತ್ತಿದ್ದರೆ 112ಕ್ಕೆ ಫೋನ್ ಮಾಡಿ. ಜಾಗ, ಹೊತ್ತು, ಎಷ್ಟು ಹೊತ್ತಿನಿಂದ ನಡೆದಿದೆ ಎಂಬ ಮೂರನ್ನು ಮೊದಲೇ ಸಿದ್ಧ ಇಟ್ಟುಕೊಂಡು ಹೇಳಿ.

• ಡೆಸಿಬೆಲ್ ಆ್ಯಪನ್ನು ಅಳತೆಗೆ ಇಟ್ಟುಕೊಳ್ಳಿ, ವಾದಕ್ಕೆ ಬೇಡ. ಫೋನಿನ ಮೈಕು ಮಾತು ಹಿಡಿಯಲು ಮಾಡಿದ್ದು. ಒಂದೊಂದು ಫೋನು ಒಂದೊಂದು ಅಂಕಿ ತೋರಿಸುತ್ತದೆ. ಪಕ್ಕದವರ ಮೂಗಿಗೆ ಹಿಡಿದು "ನೋಡಿ, 78" ಎಂದರೆ ನಗುತ್ತಾರೆ. ಆದರೆ ನಿಮ್ಮ ಕಿವಿಗೆ ಬೀಳುತ್ತಿರುವುದು 60ರ ಆಸುಪಾಸೋ 90ರ ಆಸುಪಾಸೋ ಎಂದು ತಿಳಿಯಲು ಅಷ್ಟು ಸಾಕು. ಮದುವೆ ಆರ್ಕೆಸ್ಟ್ರಾ ಮುಂದೆ 90 ದಾಟಿದರೆ ಎದ್ದು ಹಿಂದಿನ ಸಾಲಿಗೆ ಹೋಗಿ, ಎಳೆಮಕ್ಕಳನ್ನು ಮೊದಲು ಕರೆದೊಯ್ಯಿರಿ.

• ಮುಖದ ವಿಡಿಯೋ ಮಾಡಿ ಹಾಕಬೇಡಿ. ದೂರಿಗೆ ಪುರಾವೆ ಬೇಕೆಂದರೆ ಕ್ಯಾಮೆರಾ ಕೆಳಗೆ ತಿರುಗಿಸಿ ಸದ್ದನ್ನಷ್ಟೇ ಹಿಡಿಯಿರಿ. ಸೀಟಿನ ನಂಬರ್, ಬಸ್ಸಿನ ನಂಬರ್, ಹೊತ್ತು ಇದ್ದರೆ ಅಧಿಕಾರಿಗಳಿಗೆ ಸಾಕು. ಅರ್ಧ ಗಂಟೆ ಜೋರಾಗಿ ಮಾತಾಡಿದ್ದಕ್ಕೆ ಊರೆಲ್ಲ ನೋಡಿ ನಗುವ ಶಿಕ್ಷೆ ಜಾಸ್ತಿಯಾಯಿತು. ಅವರು ಮನೆಯಲ್ಲಿ ಯಾರ ಸಾವಿನ ಸುದ್ದಿ ಕೇಳಿ ಹಾಗೆ ಕೂಗುತ್ತಿದ್ದರೋ ನಿಮಗೆ ತಿಳಿಯದು.

ಕೈ ಹಾಕಬಾರದ ಆಟಿಕೆಗಳು

• ಜಾಮರ್ ಬೇಡವೇ ಬೇಡ. ಸುತ್ತಲಿನ ಮೊಬೈಲುಗಳ ಸಿಗ್ನಲ್ ಕೆಡಿಸುವ ಸಣ್ಣ ಪೆಟ್ಟಿಗೆ ಎಲ್ಲೋ ಸಿಗುತ್ತದಂತೆ ಎಂದು ಯಾರಾದರೂ ಆಸೆ ಹುಟ್ಟಿಸಿದರೆ ಬಲಿಯಾಗಬೇಡಿ. ಸರ್ಕಾರದ ಅನುಮತಿಯಿಲ್ಲದೆ ಖಾಸಗಿಯವರು ಜಾಮರ್ ಬಳಸುವುದು ಕಾನೂನುಬಾಹಿರ ಎಂದು ದೂರಸಂಪರ್ಕ ಇಲಾಖೆ 2022ರ ಜುಲೈಯಲ್ಲಿ ಮತ್ತೊಮ್ಮೆ ಎಚ್ಚರಿಸಿತು. ಕಾನೂನು ಪಕ್ಕಕ್ಕಿಡಿ: ಫೋನಿಗೇ ಇಳಿಸಿಕೊಂಡ ವಿಡಿಯೋ ಜಾಮರಿಗೆ ಬಗ್ಗುವುದಿಲ್ಲ, ಅದು ಆಡುತ್ತಲೇ ಇರುತ್ತದೆ. ಹಿಂದಿನ ಸೀಟಿನಲ್ಲಿ ಎದೆನೋವು ಬಂದವರಿಗೆ ಆಂಬುಲೆನ್ಸ್ ಕರೆಯಲು ಮಾತ್ರ ಆಗುವುದಿಲ್ಲ.

• ಮಾತು ಕಟ್ಟಿಸುವ ಜಪಾನೀ ಬಂದೂಕು. ಕಝುತಾಕ ಕುರಿಹಾರ ಮತ್ತು ಕೋಜಿ ತ್ಸುಕಾಡಾ ಎಂಬಿಬ್ಬರು 'ಸ್ಪೀಚ್‌ಜಾಮರ್' ಎಂಬ ಯಂತ್ರ ಕಟ್ಟಿ 2012ರಲ್ಲಿ ಇಗ್ ನೊಬೆಲ್ ಗೆದ್ದರು. ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ದೂರದಿಂದ ಗುರಿಯಿಟ್ಟು ಹಿಡಿದರೆ ಮಾತುಗಾರನ ದನಿಯನ್ನೇ ಸೆಕೆಂಡಿನ ಸುಮಾರು ಐದನೇ ಒಂದು ಭಾಗ ತಡವಾಗಿ ಅವನ ಕಿವಿಗೆ ಕಳಿಸುತ್ತದೆ. ತನ್ನ ಮಾತು ತನಗೇ ತಡವಾಗಿ ಕೇಳಿದರೆ ನಾಲಗೆ ತಡವರಿಸುತ್ತದೆ. ಇದೇ ತತ್ವವನ್ನು ಉಗ್ಗುವವರ ಚಿಕಿತ್ಸೆಯಲ್ಲೂ ಬಳಸುತ್ತಾರೆ. ಕೇಳಲು ಮಜವಾಗಿದೆ, ಆದರೆ ಒಬ್ಬರ ನಾಲಗೆಯನ್ನು ದೂರದಿಂದ ಕಟ್ಟುವ ಯಂತ್ರ ಇಂದು ರೈಲಿನ ಹರಟೆಮಲ್ಲನ ಮೇಲಾದರೆ ನಾಳೆ ಸಭೆಯಲ್ಲಿ ಪ್ರಶ್ನೆ ಕೇಳಲು ಎದ್ದವರ ಮೇಲೂ ತಿರುಗುತ್ತದೆ.

• ಸೊಳ್ಳೆಯ ಪಾಠ. ಬ್ರಿಟನ್ನಿನ ವೇಲ್ಸ್‌ನ ಹೊವಾರ್ಡ್ ಸ್ಟೇಪಲ್ಟನ್ 2005ರಲ್ಲಿ 'ಮಾಸ್ಕಿಟೋ' ಎಂಬ ಪೆಟ್ಟಿಗೆ ತಂದರು. ಅಂಗಡಿ ಮುಂದೆ ಗುಂಪುಗೂಡಿ ಗಲಾಟೆ ಮಾಡುವ ಹುಡುಗರನ್ನು ಓಡಿಸಲು ಅದು ಸುಮಾರು 17 ಕಿಲೋಹರ್ಟ್ಸ್‌ನ ಕೀರಲು ಸದ್ದು ಮಾಡುತ್ತದೆ. ಪ್ರಾಯದ ಕಿವಿಗೆ ಕೇಳುತ್ತದೆ, ವಯಸ್ಸಾದಂತೆ ಮೇಲುಸ್ವರ ಕಳೆದುಕೊಂಡ ನನ್ನಂಥವರಿಗೆ ಕೇಳುವುದಿಲ್ಲ. ಅದು ತಪ್ಪು ಮಾಡಿದವನನ್ನೂ ಗಾಡಿಯಲ್ಲಿ ಮಲಗಿದ ಹಸುಗೂಸನ್ನೂ ಒಂದೇ ರೀತಿ ಹಿಂಸಿಸುತ್ತದೆ. ಹುಡುಗರು ಸುಮ್ಮನಿದ್ದರೇ? ಅದೇ ಸ್ವರವನ್ನು ರಿಂಗ್‌ಟೋನ್ ಮಾಡಿಕೊಂಡು ಮೇಷ್ಟ್ರಿಗೆ ಕೇಳದ ಹಾಗೆ ಕ್ಲಾಸಿನಲ್ಲಿ ಮೆಸೇಜ್ ಕಳಿಸಿಕೊಂಡರು.

• ಬೇರೆಯವರ ಟಿವಿ, ಸ್ಪೀಕರಿಗೆ ಕೈಚಳಕ ಬೇಡ. ಮಿಚ್ ಆಲ್ಟ್‌ಮನ್ ಎಂಬ ಅಮೆರಿಕನ್ 2004ರಲ್ಲಿ 'ಟಿವಿ-ಬಿ-ಗಾನ್' ಎಂಬ ಕೀಚೈನ್ ರಿಮೋಟ್ ಮಾರಿದ. ಗುಂಡಿ ಒತ್ತಿದರೆ ಎದುರಿನ ಟಿವಿ ಆಫ್. ಈಗ ಕೆಲವು ಫೋನುಗಳಲ್ಲೇ ಆ ಕೆಲಸದ ಇನ್‌ಫ್ರಾರೆಡ್ ದೀಪ ಇರುತ್ತದೆ. ಕ್ಲಿನಿಕ್ಕಿನಲ್ಲಿ ಟಿವಿ ಒದರುತ್ತಿದ್ದರೆ ಕೌಂಟರಿನವರಿಗೆ ಹೇಳಿ, ಮ್ಯೂಟ್ ಮಾಡಲು ಅವರಿಗೇನೂ ನಷ್ಟವಿಲ್ಲ. ಪಾರ್ಕಿನಲ್ಲಿ ಯಾರದೋ ಬ್ಲೂಟೂತ್ ಸ್ಪೀಕರಿಗೆ ಕದ್ದು ಕನೆಕ್ಟ್ ಆಗಿ ನಿಲ್ಲಿಸುವುದು ಅನುಮತಿಯಿಲ್ಲದೆ ಒಳನುಗ್ಗಿದ ಹಾಗೆ. ಅದಕ್ಕಿಂತ ಕಾವಲಿನವರನ್ನು ಜೊತೆಗೆ ಕರೆದುಕೊಂಡು ಹೋಗಿ ಕೇಳಿ.

• ಸದ್ದಿಗೆ ಸದ್ದು ಉತ್ತರವಲ್ಲ. ಅವರು ಸಿನಿಮಾ ಹಾಡು ಹಾಕಿದರೆಂದು ನೀವು ಹನುಮಾನ್ ಚಾಲೀಸಾ ಹಾಕಿದರೆ ಮೂರನೆಯವರ ಗತಿ ಏನು?

ಕೊನೆಗೆ, ನಮ್ಮ ಫೋನು

• ಸ್ಪೀಕರಿಗೆ ಹಾಕುವುದು ಯಾಕೆಂದು ನೋಡಿಕೊಳ್ಳಿ. ನಮ್ಮ ವಯಸ್ಸಿನವರಲ್ಲಿ ಇದು ಜಾಸ್ತಿ. ಎಷ್ಟೋ ಸಲ ಕಾರಣ ಸಣ್ಣದು: ಕಿವಿಗೆ ಹಿಡಿಯುವ ಕಡೆಯ ಜಾಲರಿಯಲ್ಲಿ ದೂಳು, ಬೆವರು, ಪೌಡರ್ ಕೂತು ಮಾತು ಕೇಳುವುದಿಲ್ಲ, ಅದಕ್ಕೇ ಸ್ಪೀಕರ್ ಒತ್ತುತ್ತೇವೆ. ಹಳೆಯ ಮೃದುವಾದ ಟೂತ್‌ಬ್ರಶ್ ಒಣಗಿದ್ದನ್ನು ತೆಗೆದುಕೊಂಡು ಮೆಲ್ಲಗೆ ಉಜ್ಜಿ. ಪಿನ್ನು ಚುಚ್ಚಬೇಡಿ, ನೀರು ತಾಗಿಸಬೇಡಿ. ಮನೆಯ ಹಿರಿಯರಿಗೆ ನೀವೇ ಇದನ್ನು ಮಾಡಿಕೊಡಿ, ಉಪದೇಶಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

• ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜನ್ನು ಕಿವಿಗೆ ಹಿಡಿದು ಕೇಳಿ. ಪ್ಲೇ ಒತ್ತಿ ಫೋನನ್ನು ಕಿವಿಗೆ ತಂದರೆ ಸದ್ದು ದೊಡ್ಡ ಸ್ಪೀಕರಿನಿಂದ ಕಿವಿಯ ಸ್ಪೀಕರಿಗೆ ತಾನೇ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಮನೆಯ ಗುಟ್ಟನ್ನೆಲ್ಲ ಬಸ್ಸಿಗೆ ಕೇಳಿಸುವವರು ಬೇಕಾದಷ್ಟು ಜನ.

• ಕರೆಯಲ್ಲಿ ಒಂದು ಕಿವಿ ತೆರೆದಿರಲಿ. ಎರಡೂ ಕಿವಿಗೆ ಬಿಗಿಯಾದ ಇಯರ್‌ಬಡ್ ಹಾಕಿ ಮಾತಾಡಿದರೆ ನಮ್ಮ ದನಿ ಹೊರಗೆ ಎಷ್ಟಿದೆ ಎಂದು ತಿಳಿಯದೆ ಕೂಗುತ್ತೇವೆ. ಒಂದನ್ನು ತೆಗೆದರೆ ದನಿ ತಾನೇ ಇಳಿಯುತ್ತದೆ. ಒಂದೇ ಕಿವಿಯಲ್ಲಿ ಹಾಡು ಕೇಳುವವರು ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ ಮೋನೋ ಆಡಿಯೋ ಆನ್ ಮಾಡಿಕೊಳ್ಳಿ, ಎರಡೂ ಬದಿಯ ಸಂಗೀತ ಒಂದರಲ್ಲೇ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಇರುವಾಗಲೇ ಕೀಬೋರ್ಡಿನ ಟಕ್‌ಟಕ್ ಸದ್ದನ್ನೂ ಆರಿಸಿಬಿಡಿ.

• ಜೋರು ಮಾತಿನ ಹಿಂದೆ ಕಿವುಡು ಇರಬಹುದು. ಮನೆಯಲ್ಲಿ ಟಿವಿ ವಾಲ್ಯೂಮ್ ವರ್ಷ ವರ್ಷ ಏರುತ್ತಿದ್ದರೆ ಗಮನಿಸಿ. ವಿಶ್ವ ಆರೋಗ್ಯ ಸಂಸ್ಥೆಯ ಹಿಯರ್‌ಡಬ್ಲ್ಯುಎಚ್‌ಒ ಎಂಬ ಉಚಿತ ಆ್ಯಪಿನಲ್ಲಿ ಗದ್ದಲದ ನಡುವೆ ಹೇಳುವ ಅಂಕಿಗಳನ್ನು ಗುರುತಿಸುವ ಸಣ್ಣ ಪರೀಕ್ಷೆ ಇದೆ. ಅದರಲ್ಲಿ ಕಡಿಮೆ ಬಂದರೆ ಸರಿಯಾದ ತಪಾಸಣೆಗೆ ಹೋಗಿ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಈಗಿನ ಎಷ್ಟೋ ಶ್ರವಣಸಾಧನಗಳು ಬ್ಲೂಟೂತಿನಲ್ಲಿ ಫೋನಿಗೆ ಸೇರಿ ಕರೆಯನ್ನು ನೇರ ಕಿವಿಗೆ ತರುತ್ತವೆ. ಹಾಗಾದರೆ ಕೂಗುವ ಅಗತ್ಯವೂ ಇಲ್ಲ, ಸ್ಪೀಕರಿನ ಅಗತ್ಯವೂ ಇಲ್ಲ.

• ಸದ್ದು ಇಳಿಸಿದವರಿಗೆ ಥ್ಯಾಂಕ್ಸ್ ಹೇಳಿ. ಕೇಳಿದ ಕೂಡಲೇ ಯಾರಾದರೂ ವಾಲ್ಯೂಮ್ ತಗ್ಗಿಸಿದರೆ, ಗೆದ್ದವರ ಹಾಗೆ ಮುಖ ತಿರುಗಿಸಿ ಕೂರಬೇಡಿ. ಅವರ ಕಡೆ ನೋಡಿ ಒಂದು ಮಾತು ಹೇಳಿ. ಬೈಸಿಕೊಂಡು ಇಳಿಸಿದವರು ಮುಂದಿನ ಬಸ್ಸಿನಲ್ಲಿ ಹಟಕ್ಕೆ ಏರಿಸುತ್ತಾರೆ; ಮರ್ಯಾದೆ ಸಿಕ್ಕಿದವರು ಮುಂದಿನ ಸಲ ಕೇಳುವ ಮೊದಲೇ ಇಯರ್‌ಫೋನ್ ಹುಡುಕುತ್ತಾರೆ. ಆ ಬಸ್ಸಿನಲ್ಲಿ ನೀವಿರುವುದಿಲ್ಲ, ಬೇರೆ ಯಾರೋ ನಿದ್ದೆ ಮಾಡುತ್ತಿರುತ್ತಾರೆ. ಅವರ ಪರವಾಗಿ ಅಷ್ಟು ಮಾಡಿದರೆ ಸಾಕು.